ಐದು ಹನಿಯಲ್ಲಿ ಎರಡು ಕೋಟಿ

ನಾಲವಾರ, ವಾಡಿ, ಚಿತ್ತಾಪುರದ ಕಡೆ ಆಕಳು ಎಮ್ಮೆ ಕಟ್ಟಿದವರೆಲ್ಲ ಆ ತೆಳ್ಳನೆಯ ಪ್ಲಾಸ್ಟಿಕ್ ನಳಿಕೆಯನ್ನು ಕಂಡಿದ್ದಾರೆ. ಪಶು ಆಸ್ಪತ್ರೆಯವರು ಹೊಗೆಯಾಡುವ ಕ್ಯಾನಿನಿಂದ ಹೊರತೆಗೆಯುವುದು ಅದನ್ನೇ. ಅದು ಹಿಡಿಯುವುದು ಕಾಲು ಮಿಲಿಲೀಟರ್, ಅಂದರೆ ಐದು ಹನಿ. ಹೋರಿಯ ವೀರ್ಯವಾದರೆ ಆ ಐದು ಹನಿಯಲ್ಲಿ ಸುಮಾರು ಎರಡು ಕೋಟಿ ವೀರ್ಯಾಣುಗಳು. ಒಂದೊಂದರ ಉದ್ದ ಮಿಲಿಮೀಟರಿನ ಹದಿನಾರನೇ ಒಂದು ಪಾಲು. ಒಂದರ ಹಿಂದೊಂದು ಸಾಲಾಗಿಟ್ಟರೆ ಒಂದೂಕಾಲು ಕಿಲೋಮೀಟರ್ ಆಗುತ್ತದೆ. ಇಂಥ ನಾಲ್ಕು ಸಾವಿರ ನಳಿಕೆ ಸೇರಿದರೆ ಒಂದು ಲೀಟರ್. ಅಷ್ಟರಲ್ಲಿ ಎಂಟು ಸಾವಿರ ಕೋಟಿ ವೀರ್ಯಾಣು, ಭೂಮಿಯ ಮೇಲಿರುವ ಜನರ ಹತ್ತು ಪಟ್ಟು! ಸಾಲು ಐದು ಸಾವಿರ ಕಿ.ಮೀ. ಮುಟ್ಟುತ್ತದೆ, ನಮ್ಮ ದೇಶದ ಉತ್ತರ ದಕ್ಷಿಣದ ಉದ್ದವೇ 3,214 ಕಿ.ಮೀ.

ಕೃತಕವಾಗಿ ಗಬ್ಬ ಕಟ್ಟಿಸುವ ಇದೇ ವಿದ್ಯೆಯನ್ನು ಕಾಡಿನ ಜಿಂಕೆಗೆ ಒಗ್ಗಿಸುವ ಕೆಲಸ ನಡೆದದ್ದು ನಮಗೆ ಹತ್ತಿರದಲ್ಲೇ. ವಾಡಿಯಿಂದ ಸೇಡಂ, ತಾಂಡೂರು, ವಿಕಾರಾಬಾದ್ ಹಾದು ಹೋಗುವ ರೈಲು ಹೈದರಾಬಾದಿಗೆ ಮುಟ್ಟಿಸುತ್ತದೆ. ಅಲ್ಲಿನ ಸಿಸಿಎಂಬಿ ಸಂಸ್ಥೆಗೆ ಸೇರಿದ ಲಾಕೋನ್ಸ್ ಪ್ರಯೋಗಾಲಯದ ಪ್ರಯತ್ನದಿಂದ 2006ರಲ್ಲಿ ಕೃತಕ ಗರ್ಭಧಾರಣೆಯ ಮೂಲಕ ಚುಕ್ಕೆ ಜಿಂಕೆಯ ಮರಿ ಹುಟ್ಟಿತು, ಹೆಸರು ಸ್ಪಾಟಿ. ಮರುವರ್ಷ ಕೃಷ್ಣಮೃಗದ ಮರಿ ಬ್ಲ್ಯಾಕಿ. ಕೃಷ್ಣಮೃಗ ವಿಜ್ಞಾನದ ಲೆಕ್ಕದಲ್ಲಿ ಜಿಂಕೆಯ ಕುಲದ್ದಲ್ಲ, ಆದರೆ ನಮ್ಮ ಹೊಲಗಳಲ್ಲಿ ಅದಕ್ಕೆ ಚಿಗರಿ ಎಂದೇ ಹೆಸರು. 2018ರಲ್ಲಿ ಅಲ್ಲೇ ರಾಷ್ಟ್ರೀಯ ವನ್ಯಜೀವಿ ಆನುವಂಶಿಕ ಸಂಪನ್ಮೂಲ ಬ್ಯಾಂಕ್ ಉದ್ಘಾಟನೆಯಾಯಿತು. ಆ ಹೊತ್ತಿಗೆ 23 ಜಾತಿಯ ಕಾಡುಪ್ರಾಣಿಗಳ ಮಾದರಿ ಅಲ್ಲಿ ಸೇರಿದ್ದವು.

ವೀರ್ಯವನ್ನು ಇಡುವುದು ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ. ಕಲಬುರಗಿಯ 44 ಡಿಗ್ರಿ ಬಿಸಿಲಿಗೂ ಆ ಕ್ಯಾನಿನೊಳಗಿನ ಚಳಿಗೂ 240 ಡಿಗ್ರಿ ಅಂತರ. ನೀರು ಹೆಪ್ಪುಗಟ್ಟುವುದಕ್ಕೂ ಕುದಿಯುವುದಕ್ಕೂ ಇರುವ ಅಂತರ ನೂರೇ. ಅಷ್ಟು ತಣ್ಣಗಾದರೆ ಜೀವಕೋಶದೊಳಗಿನ ನೀರು ಹರಳಾಗಿ ಅದನ್ನು ಸೀಳಬೇಕು. ಹಾಗಾಗದಂತೆ ಗ್ಲಿಸರಾಲ್ ಕಾಯುತ್ತದೆಂದು ಇಂಗ್ಲೆಂಡಿನ ವಿಜ್ಞಾನಿಗಳು 1949ರಲ್ಲಿ ತೋರಿಸಿದರು. ಆಮೇಲೆ ಕಾಲವೇ ನಿಂತ ಹಾಗೆ: ಆಸ್ಟ್ರೇಲಿಯಾದಲ್ಲಿ 1968ರಲ್ಲಿ ಹೆಪ್ಪುಗಟ್ಟಿಸಿದ ಟಗರಿನ ವೀರ್ಯವನ್ನು ಐವತ್ತು ವರ್ಷದ ಮೇಲೆ 56 ಕುರಿಗಳಿಗೆ ಕೊಟ್ಟರು. 34 ಗಬ್ಬವಾದವು. ಒಂದೇ ವರ್ಷ ಹಳೆಯ ವೀರ್ಯದ ಫಲಕ್ಕೂ ಇದಕ್ಕೂ ವ್ಯತ್ಯಾಸವೇ ಕಾಣಲಿಲ್ಲ.

ಇಷ್ಟೆಲ್ಲ ಕೋಟಿಗಳ ಎದುರು ಇನ್ನೊಂದು ಅಂಕಿ ಇಡಬೇಕು: 14. ಮಣಿಪುರದ ಸಂಗಾಯ್ ಜಿಂಕೆಗಳು 1975ರ ಎಣಿಕೆಯಲ್ಲಿ ಸಿಕ್ಕದ್ದು ಅಷ್ಟೇ. ಕಾವಲಿನಿಂದ 2016ಕ್ಕೆ 260 ಆದವು, ನಿಜ. ಆದರೆ ಇವತ್ತಿನ ಹಿಂಡು ಆ ಬೆರಳೆಣಿಕೆಯ ಪ್ರಾಣಿಗಳಲ್ಲಿ ಉಳಿದಿದ್ದ ಗುಣಗಳನ್ನಷ್ಟೇ ಪಡೆದದ್ದು. ಒಂದು ಗಂಡಿನಿಂದ ಎಷ್ಟು ಸಾವಿರ ನಳಿಕೆ ತುಂಬಿದರೂ ವಂಶದ ಲೆಕ್ಕದಲ್ಲಿ ಅದು ಒಂದೇ ಗಂಡು. ಹುಟ್ಟುವ ಮರಿಗಳೆಲ್ಲ ಒಂದೇ ತಂದೆಯ ಮಕ್ಕಳು. ನೂರು ಗಂಡುಗಳಿಂದ ಒಂದೊಂದೇ ನಳಿಕೆ ಸಿಕ್ಕರೂ ಅದು ಅದಕ್ಕಿಂತ ದೊಡ್ಡ ಆಸ್ತಿ. ಆದ್ದರಿಂದ ಸಂಗ್ರಹ ನಡೆಯಬೇಕಾದದ್ದು ಪ್ರಾಣಿ ಹೇರಳವಾಗಿರುವಾಗ, ಹದಿನಾಲ್ಕಕ್ಕೆ ಇಳಿದ ಮೇಲಲ್ಲ.

ಕಾಡಿನ ಗಂಡನ್ನು ಹಿಡಿದು, ಅರಿವಳಿಕೆ ಕೊಟ್ಟು ವೀರ್ಯ ತೆಗೆಯುವುದು ಪ್ರಾಣಿಗೂ ಅಪಾಯ. ಸ್ಪೇನಿನಲ್ಲಿ ಬೇರೆ ದಾರಿ ಹಿಡಿದರು: ಬೇಟೆಯಲ್ಲಿ ಸತ್ತ ಕೆಂಪು ಜಿಂಕೆಗಳ ವೃಷಣದ ಮಗ್ಗುಲಿನ ನಾಳದಿಂದ ವೀರ್ಯಾಣು ತೆಗೆದು ಶೇಖರಿಸಿದರು. ಐದು ಡಿಗ್ರಿಯ ತಂಪಿನಲ್ಲಿಟ್ಟರೆ ಸತ್ತ ಪ್ರಾಣಿಯ ವೀರ್ಯಾಣುಗಳು ಒಂದೆರಡು ದಿನವಾದರೂ ಬದುಕಿರುತ್ತವೆ. ನಮ್ಮಲ್ಲಿ ಬೇಟೆ ಅಪರಾಧ, ಹಾಗೇ ಇರಬೇಕು. ಆದರೆ ರಸ್ತೆ, ರೈಲು, ನಾಯಿದಾಳಿಗೆ ಸಿಕ್ಕಿ ಚಿಗರಿ ಸಾಯುತ್ತಲೇ ಇವೆ. ಮರಣೋತ್ತರ ಪರೀಕ್ಷೆ ಮುಗಿಸಿ ಕಳೇಬರ ಸುಟ್ಟರೆ ಆ ವಂಶವೂ ಸುಟ್ಟಂತೆಯೇ.

ಚಿಂಚೋಳಿ ವನ್ಯಧಾಮದ 134.88 ಚದರ ಕಿ.ಮೀ.ಯಲ್ಲಿ ಕೃಷ್ಣಮೃಗವೂ ಇದೆ, ಕೊಂಡುಕುರಿಯೂ ಇದೆ. ಪಶುವೈದ್ಯಕೀಯ ವಿಶ್ವವಿದ್ಯಾಲಯ ಬೀದರಿನಲ್ಲಿದೆ, ಬ್ಯಾಂಕು ಹೈದರಾಬಾದಿನಲ್ಲಿ. ಎರಡೂ ಒಂದು ದಿನದ ಪ್ರಯಾಣದೊಳಗೆ. ಪರೀಕ್ಷೆಯ ಮೇಜಿನ ಮೇಲೆ ಗಂಡು ಚಿಗರಿ ಬಂದಾಗ ವೃಷಣವನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಕಳಿಸುವ ಆದೇಶವೊಂದನ್ನು ಅರಣ್ಯ ಇಲಾಖೆ ಹೊರಡಿಸಲಿ. ಹೊಲದಲ್ಲೋ ರಸ್ತೆಯಲ್ಲೋ ಸತ್ತ ಚಿಗರಿ ಕಂಡವರು ಅದನ್ನು ಮುಟ್ಟದೆ, ಅದೇ ಗಳಿಗೆಯಲ್ಲಿ ಅರಣ್ಯದವರಿಗೆ ತಿಳಿಸಿ. ನಮ್ಮ ಬೇಸಿಗೆಯಲ್ಲಿ ಒಂದೊಂದು ತಾಸಿಗೂ ಲಕ್ಷಾಂತರ ವೀರ್ಯಾಣು ಸಾಯುತ್ತವೆ.