ಕಾಡಿನಿಂದ ಕೀಳುವುದು ಬೇಡ, ಸಸಿಯಿಂದಲೇ ಬೆಳೆಸೋಣ

ಮುಂಗಾರು ಶುರುವಾಗುವ ಹೊತ್ತಿಗೆ ಹುಣಸೂರಿನಿಂದ ನಾಗರಹೊಳೆ ಕಡೆಗೆ ಹೋದರೆ ಮರದ ಕೊಂಬೆಗಳಲ್ಲಿ ಸೀತಾಳೆ ದಂಡೆ ತೂಗಾಡುವುದು ಕಾಣುತ್ತದೆ. ನೋಡಿದವರಿಗೆ ಮನೆಗೆ ತರುವ ಆಸೆಯಾಗುವುದು ಸಹಜ. ನಾವೂ ಒಮ್ಮೆ ಕಾಫಿ ತೋಟದಲ್ಲಿ ಕಡಿದು ಬಿದ್ದ ಕೊಂಬೆಯಿಂದ ಒಂದು ಆರ್ಕಿಡ್ ಬಿಡಿಸಿ ತಂದೆವು. ಕುಂಡಕ್ಕೆ ಗೊಬ್ಬರದ ಮಣ್ಣು ತುಂಬಿ, ದಿನಾ ನೀರು ಹೊಯ್ದೆವು. ತಿಂಗಳಲ್ಲಿ ಬೇರು ಕೊಳೆಯಿತು. "ಮರದ ಮೇಲೆ ಇದ್ದದ್ದನ್ನು ಮಣ್ಣಲ್ಲಿ ಹೂತರೆ ಮತ್ತೇನಾಗ್ತದೆ?" ಅಂತ ಉಮ್ಮ ಗದರಿದರು.

ಉಮ್ಮ ಹೇಳಿದ್ದೇ ಸರಿ. ಈ ಜಾತಿಯ ಗಿಡದ ಬೇರಿಗೆ ಗಾಳಿ ಬೇಕು. ಬದನಿಕೆಯ ಹಾಗೆ ಇದು ಮರದ ರಸ ಹೀರುವುದೂ ಇಲ್ಲ, ಕೊಂಬೆಯ ಆಸರೆ ಅಷ್ಟೇ ಸಾಕು. ರಕ್ಷಿತಾರಣ್ಯದಿಂದ ಗಿಡ ಕೀಳುವುದು ಅಪರಾಧ. ಕಿತ್ತು ತಂದದ್ದು ಬದುಕುವುದೂ ಅಪರೂಪ. ಹಾಗಾದರೆ ಆಸೆಗೆ ದಾರಿ ಯಾವುದು? ನರ್ಸರಿಯ ಸಸಿ.

ಜಾಗ ಕಡಿಮೆ ಇರುವ ಮನೆಗೆ ಪುಟಾಣಿ ಆರ್ಕಿಡ್ ಒಳ್ಳೆಯದು. ಇಡೀ ಗಿಡ ಗೇಣುದ್ದವೂ ಬರುವುದಿಲ್ಲ, ಕಿಟಕಿಯ ಹತ್ತಿರವೇ ಹತ್ತು ಗಿಡ ಇಡಬಹುದು. ನಮ್ಮ ಪಶ್ಚಿಮ ಘಟ್ಟದ ಒಬೆರೋನಿಯಾದ ಒಂದೊಂದು ಹೂ ಕೆಲವೇ ಮಿಲಿಮೀಟರ್!

ಆರ್ಕಿಡ್‌ನ ಒಂದು ಕಾಯಿಯಲ್ಲಿ ಲಕ್ಷಗಟ್ಟಲೆ ಬೀಜ ಇರಬಹುದು. ಆದರೆ ಧೂಳಿನಂಥ ಆ ಬೀಜದೊಳಗೆ ಮೊಳಕೆಗೆ ಬೇಕಾದ ಆಹಾರವೇ ಇಲ್ಲ. ಕಾಡಿನಲ್ಲಿ ಒಂದು ಬಗೆಯ ಶಿಲೀಂಧ್ರ ಅದಕ್ಕೆ ಉಣಿಸುತ್ತದೆ. ಸಕ್ಕರೆ ಬೆರೆಸಿದ ಅಗರ್ ಮೇಲೆ ಶಿಲೀಂಧ್ರವಿಲ್ಲದೆಯೂ ಬೀಜ ಮೊಳೆಸಬಹುದು ಅಂತ 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ತೋರಿಸಿಕೊಟ್ಟರು. ಇಂದು ನರ್ಸರಿಗಳಿಂದ ಬರುವ ಬಾಟಲಿ ಸಸಿಗಳ ಮೂಲ ಅದೇ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯವರಿಗೆ ಸಣ್ಣ ಸಸಿ ಸಾಕುವುದನ್ನು ಹೊಸದಾಗಿ ಕಲಿಸಬೇಕಿಲ್ಲ. ಹೊಗೆಸೊಪ್ಪಿನ ಬೀಜವೂ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣದು. ಟ್ರೇಯಲ್ಲಿ ತೆಂಗಿನ ನಾರಿನ ಪುಡಿ ಹಾಕಿ, ನೆರಳು ಕೊಟ್ಟು, ಹದ ನೋಡಿ ನೀರು ಚಿಮುಕಿಸುವ ಕೈಗಳು ಇಲ್ಲಿ ಊರೂರಿಗೂ ಇವೆ. ಅದೇ ಕೈ ಇಲ್ಲಿಯೂ ಸಾಕು, ತಾಳ್ಮೆ ಮಾತ್ರ ಹೆಚ್ಚು ಬೇಕು.

ಮಾಡುವುದು ಹೀಗೆ. ಬಾಟಲಿಯಿಂದ ತೆಗೆದ ಸಸಿಯ ಬೇರಿಗೆ ಅಂಟಿದ ಅಗರ್ ಪೂರ್ತಿ ತೊಳೆಯಿರಿ, ಉಳಿದರೆ ಬೂಸ್ಟು ಹಿಡಿಯುತ್ತದೆ. ತೂತಿರುವ ಪುಟ್ಟ ಲೋಟದಲ್ಲಿ ಇದ್ದಿಲ ಚೂರು ಮತ್ತು ಕೆಲವು ದಿನ ನೀರಲ್ಲಿ ನೆನೆಸಿ ತೊಳೆದ ತೆಂಗಿನ ಸಿಪ್ಪೆಯ ತುಂಡು ತುಂಬಿ ನೆಡಿ. ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿ ಕವುಚಿಟ್ಟರೆ ತೇವ ಉಳಿಯುತ್ತದೆ. ಎರಡು ಮೂರು ವಾರದಲ್ಲಿ ಸ್ವಲ್ಪ ಸ್ವಲ್ಪವೇ ತೆರೆದು ಹೊರಗಾಳಿಗೆ ಒಗ್ಗಿಸಿ. ನೇರ ಬಿಸಿಲು ಬೇಡ, ಬೆಳಕು ಬೇಕು. ಬೆಳಿಗ್ಗೆಯೇ ನೀರು ಕೊಡಿ. ಬೋರ್‌ವೆಲ್‌ನ ಗಡಸು ನೀರಿಗಿಂತ ಮಳೆನೀರು ಎಷ್ಟೋ ಮೇಲು. ಗೊಬ್ಬರ ಪೊಟ್ಟಣದಲ್ಲಿ ಹೇಳಿದ್ದರ ಕಾಲು ಭಾಗ ಸಾಕು.

ಮೊದಲ ಸಲಕ್ಕೆ ಪುಟ್ಟ ಫೆಲನಾಪ್ಸಿಸ್ ಇಲ್ಲವೇ ಗಿಡ್ಡ ಡೆಂಡ್ರೋಬಿಯಂ ಆರಿಸಿಕೊಳ್ಳಿ. ಆಂಡಿಸ್ ಬೆಟ್ಟದ ತಂಪಿಗೆ ಒಗ್ಗಿದ ಮಾಸ್ಡವಾಲಿಯಾ ನಮ್ಮ ಏಪ್ರಿಲ್ ಬಿಸಿಲಿಗೆ ತಡೆಯುವುದಿಲ್ಲ.

ಇನ್ನೊಂದು ಮಾತು. ವೆನಿಲಾ ಕೂಡ ಆರ್ಕಿಡ್ ಕುಲದ ಬಳ್ಳಿಯೇ. 2003ರ ಸುಮಾರಿಗೆ ಅದರ ಬೆಲೆ ಏರಿದಾಗ ಕರಾವಳಿಯಲ್ಲೂ ಕೊಡಗಿನಲ್ಲೂ ಅಡಿಕೆ ತೋಟಕ್ಕೆ, ಕಾಫಿ ತೋಟಕ್ಕೆ ಬಳ್ಳಿ ಹಬ್ಬಿಸಿದವರು, ಬೆಲೆ ಬಿದ್ದ ಮೇಲೆ ಕೈ ಸುಟ್ಟುಕೊಂಡವರು ನಮ್ಮ ಕುಟುಂಬಗಳಲ್ಲೇ ಇದ್ದಾರೆ. ಆದ್ದರಿಂದ ಲಕ್ಷದ ಲೆಕ್ಕ ಹೇಳಿ ಸಸಿ ಮಾರಲು ಬಂದವರನ್ನು ನಂಬಿ ಸಾಲ ಮಾಡಬೇಡಿ. ಐದಾರು ಸಸಿ ತನ್ನಿ, ಎರಡು ಸತ್ತರೂ ಬೇಜಾರು ಬೇಡ. ಹೂವಿಗೆ ಎರಡು, ಮೂರು ವರ್ಷ ಕಾಯಬೇಕಾದೀತು.

ಅಷ್ಟರಲ್ಲಿ ಮಕ್ಕಳಿಗೆ ಒಂದು ಅಭ್ಯಾಸವಾದರೂ ಆದೀತು: ಕಾಡಿನ ಹೂ ಕಾಡಿನಲ್ಲೇ ಇರಲಿ, ಮನೆಯ ಹೂ ನಾವೇ ಸಾಕಿದ್ದಾಗಿರಲಿ.