ಹಾಲು-ಮಜ್ಜಿಗೆ ಬಿಟ್ಟವರ ಊಟ

ಮಾಂಸ, ಮೊಟ್ಟೆಗಳ ಜೊತೆಗೆ ಹಾಲು, ಮೊಸರು, ತುಪ್ಪ, ಜೇನನ್ನೂ ಮುಟ್ಟದ ಊಟಕ್ಕೆ ವೀಗನ್ ಎಂಬ ಹೆಸರು ಬಂದದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಕೊಪ್ಪಳ ಜಿಲ್ಲೆಯ ಯಲಬುರ್ಗಾ ಸೀಮೆಯಲ್ಲಿ ಅದಕ್ಕಾಗಿ ಹೊಸ ಅಡುಗೆ ಕಲಿಯಬೇಕಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಲೆ, ಮಡಿಕೆಕಾಳು, ಗುರೆಳ್ಳು ಚಟ್ನಿ, ಅಗಸಿ ಹಿಂಡಿ ಇರುವ ಗಂಗಾಳದಿಂದ ಮಜ್ಜಿಗೆ, ತುಪ್ಪ ಸರಿಸಿದರೆ ಉಳಿದದ್ದೆಲ್ಲ ವೀಗನ್ನೇ. ಆದರೆ ಹಾಲು, ತುಪ್ಪದಂಥವನ್ನೂ ಕಟ್ಟುನಿಟ್ಟಾಗಿ ಬಿಡುವುದು ಊಟಕ್ಕೆ ಸಂಬಂಧಿಸಿದ ಮನೋವ್ಯಾಧಿಯೇ ಎಂಬ ಚರ್ಚೆ ವೈದ್ಯರಲ್ಲಿದೆ.

ನಿಯಮ ಬಿಗಿಯಾದ ಮಾತ್ರಕ್ಕೆ ರೋಗವಾಗದು. ಹಿಂದೆ ಕೊಪಣವೆನಿಸಿದ್ದ ಕೊಪ್ಪಳ ಹೆಸರಾಂತ ಜೈನ ತೀರ್ಥವಾಗಿತ್ತು. ಗಡ್ಡೆ-ಗೆಣಸು ತಿನ್ನದ, ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರನ್ನು ಯಾರೂ ರೋಗಿಗಳೆನ್ನುವುದಿಲ್ಲ. ಅಮೆರಿಕದ ಮನೋವೈದ್ಯ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ರೋಗಸೂಚಿ ಕೂಡ, ಆಹಾರ ವರ್ಜಿಸುವ ವ್ಯಾಧಿಯನ್ನು ವಿವರಿಸುವಾಗ ಸಮಾಜ ಒಪ್ಪಿದ ಆಚರಣೆಗಳನ್ನು ಹೊರಗಿಟ್ಟಿದೆ. 'ಶುದ್ಧ' ಆಹಾರದ ಗೀಳಿಗೆ ಅಮೆರಿಕದ ವೈದ್ಯ ಸ್ಟೀವನ್ ಬ್ರಾಟ್‌ಮನ್ 1997ರಲ್ಲಿ ಆರ್ಥೊರೆಕ್ಸಿಯಾ ಎಂದು ಹೆಸರಿಟ್ಟರು. ಅದಕ್ಕೆ ಆ ಸೂಚಿಯಲ್ಲಿ ಪ್ರತ್ಯೇಕ ಜಾಗ ಸಿಕ್ಕಿಲ್ಲ.

ನೋಡಬೇಕಾದದ್ದು ನಡವಳಿಕೆಯನ್ನು. ದನಕರುಗಳ ಮೇಲಿನ ಮರುಕದಿಂದ ಮೊಸರು ಬಿಟ್ಟವರು ಶೇಂಗಾ ಹೋಳಿಗೆ ಇನ್ನೊಂದು ಹಾಕಿಸಿಕೊಂಡಾರು. ತೂಕದ ಭಯದಿಂದ ಬಿಟ್ಟವರಿಗೆ ಹಾಲಿನ ಬೆನ್ನಿಗೇ ಎಣ್ಣೆ, ಆಮೇಲೆ ಶೇಂಗಾ, ಕಡೆಗೆ ರೊಟ್ಟಿಯೂ ಬೇಡವಾಗುತ್ತದೆ. ಮದುವೆಮನೆಯ ಪಂಕ್ತಿ ತಪ್ಪಿಸುವುದು, ಒಂದು ತುತ್ತು ತಪ್ಪಿದ್ದಕ್ಕೆ ಮರುದಿನ ಉಪವಾಸ ಬೀಳುವುದು, ಹುಡುಗಿಯರಲ್ಲಿ ಮುಟ್ಟು ನಿಲ್ಲುವುದು ಎಚ್ಚರಿಕೆಯ ಲಕ್ಷಣಗಳು. ತೂಕದ ಭಯದಿಂದ ಊಟ ಬಿಡುವ ವ್ಯಾಧಿಯಾದ ಅನೊರೆಕ್ಸಿಯಾ ಇರುವ ಕೆಲವರಿಗೆ ವೀಗನ್ ಎಂಬುದು ಮರ್ಯಾದಸ್ಥ ನೆಪ. ಊಟವೇ ಒಲ್ಲೆ ಎಂದರೆ ಮನೆಯವರು ಬಿಡುವುದಿಲ್ಲ, ಹಾಲು ಒಲ್ಲೆ ಎಂದರೆ ಸುಮ್ಮನಾಗುತ್ತಾರೆ. ಹಾಗಾಗಿ ನಿಯಮ ಮೊದಲು ಬಂತೋ, ತೂಕದ ಭಯ ಮೊದಲು ಬಂತೋ ಎಂದು ಕೇಳಿ ತಿಳಿಯಬೇಕಾಗುತ್ತದೆ.

ಪೋಷಕಾಂಶದ ಕೊರತೆ ಬೇರೆಯೇ ಮಾತು. ಚರ್ಚೆಯಲ್ಲಿ ಮನೋವ್ಯಾಧಿ, ಕೊರತೆ ಎರಡೂ ಕಲಸಿಹೋಗುತ್ತವೆ. ಬಿ12 ಜೀವಸತ್ವವನ್ನು ತಯಾರಿಸುವುದು ಬ್ಯಾಕ್ಟೀರಿಯಾ. ಕಾಳು-ಸೊಪ್ಪಿನಲ್ಲಿ ಅದನ್ನು ನೆಚ್ಚುವಂತಿಲ್ಲ. ದಿನಕ್ಕೆ ಬೇಕಾದದ್ದು ಎರಡರಿಂದ ಎರಡೂವರೆ ಮೈಕ್ರೋಗ್ರಾಂ, ದೊಡ್ಡ ಲೋಟ ಹಾಲಿನಲ್ಲಿ ಸುಮಾರು ಒಂದು ಸಿಗುತ್ತದೆ. ಯಕೃತ್ತಿನ ದಾಸ್ತಾನು ಕೆಲವು ವರ್ಷ ಬಾಳುವುದರಿಂದ ಕೊರತೆ ಕೂಡಲೇ ಕಾಣದು. ಸೊಪ್ಪು-ಕಾಳುಗಳ ಫೋಲೇಟ್ ರಕ್ತಹೀನತೆಯನ್ನು ಮರೆಮಾಚುವುದೂ ಉಂಟು. ಆಗ ಅಂಗಾಲು ಜೋಮು ಹಿಡಿದ ಮೇಲೆಯೇ ನರಗಳ ಪೆಟ್ಟು ಗೊತ್ತಾಗುತ್ತದೆ. ಬಿ12 ಕೊರತೆಯ ತಾಯಂದಿರ ಎದೆಹಾಲನ್ನೇ ನೆಚ್ಚಿದ ಕೂಸುಗಳು ಮಂಕಾಗಿ, ಕಲಿತದ್ದನ್ನೂ ಮರೆಯುವುದನ್ನು ವೆಲ್ಲೂರಿನ ವೈದ್ಯರು 1962ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದ್ದರು.

2021ರ ಡಿಸೆಂಬರಿನಲ್ಲಿ ಕೊಪ್ಪಳವೂ ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡತೊಡಗಿದಾಗ, ಒಲ್ಲದ ಮಕ್ಕಳಿಗೆ ಬಾಳೆಹಣ್ಣು ಸಿಕ್ಕಿತು. ಮೊಟ್ಟೆಯಲ್ಲಿರುವ ಬಿ12 ಬಾಳೆಹಣ್ಣಿನಲ್ಲಿ ಇಲ್ಲ. ಅಂಥವರಿಗೆ ಶಾಲೆಯಲ್ಲಿ ಕ್ಷೀರಭಾಗ್ಯ ಯೋಜನೆಯಡಿ ಕೊಡುವ ಹಾಲೇ ಆಸರೆ. ಹಾಲನ್ನೂ ಬಿಟ್ಟವರಿಗೆ ಮಾತ್ರೆ ಬೇಕೇ ಬೇಕು. ಮಾತ್ರೆಯ ಬಿ12 ಕೂಡ ಕಾರ್ಖಾನೆಯಲ್ಲಿ ಬ್ಯಾಕ್ಟೀರಿಯಾದಿಂದಲೇ ತಯಾರಾಗುವುದರಿಂದ ಪ್ರಾಣಿದಯೆಯ ಕಾರಣಕ್ಕೆ ಬೇಡವೆನ್ನಲು ಬರುವುದಿಲ್ಲ. ಹೀಗಿದ್ದೂ ಮಾತ್ರೆ 'ಅಶುದ್ಧ' ಎಂದು ಹಟ ಹಿಡಿದು, ಸೊರಗುತ್ತ ಹೋಗುವವರನ್ನು ಆಹಾರತಜ್ಞರ ಜೊತೆಗೆ ಮನೋವೈದ್ಯರಿಗೂ ತೋರಿಸಬೇಕಾಗುತ್ತದೆ.