ಜಗಲಿಯವರೆಗಿನ ಉಸಿರು

ಬೆಳಕವಾಡಿಯ ಒಂದು ಮನೆಯ ನಡುಮನೆಗೆ ಹೊಸ ಸದ್ದೊಂದು ಬಂದು ಸೇರಿದೆ. ಗುರ್‍ರೆನ್ನುವ ಮೋಟಾರು, ಕೆಲವು ಸೆಕೆಂಡಿಗೊಮ್ಮೆ ‘ಪುಸ್’ ಎಂಬ ನಿಟ್ಟುಸಿರು. ಮಂಚಕ್ಕೊರಗಿದ ಅವ್ವ ಕಣ್ಣು ಮುಚ್ಚಿಕೊಂಡೇ, “ಕುಲುಮೆ ತಿದಿ ಒತ್ತಿದಂಗದೆ ಕಣ್ಲಾ” ಎನ್ನುತ್ತಾರೆ. ಮಗ ನಗುತ್ತಾನೆ. ಅವ್ವ ತಮಾಷೆಯಾಡಿ ಎಷ್ಟು ದಿನವಾಗಿತ್ತು!

ಅವ್ವ ಬೀಡಿ ಮುಟ್ಟಿದವರಲ್ಲ. ಆದರೆ ನಲವತ್ತು ವರ್ಷ ಒಲೆ ಊದಿದ ಎದೆ ಅದು. ಹಸಿ ಸೌದೆ, ತೆಂಗಿನ ಗರಿ, ಕಬ್ಬಿನ ತರಗು, ಬೆರಣಿ, ಸಿಕ್ಕಿದ್ದನ್ನೆಲ್ಲ ಉರಿಸಿ ಮುದ್ದೆ ತೊಳಸಿದ್ದಾರೆ. ಅಡುಗೆಮನೆಯ ಹೆಂಚು ಕಪ್ಪಾದದ್ದು ಎಲ್ಲರಿಗೂ ಕಂಡಿತು, ಒಳಗಿನ ಶ್ವಾಸಕೋಶ ಯಾರಿಗೂ ಕಾಣಲಿಲ್ಲ. ಈಚೆಗೆ ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ತುಟಿ ನೀಲಿಯಾಗುತ್ತಿತ್ತು. ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪು ರಕ್ತದ ಆಮ್ಲಜನಕ ನೂರಕ್ಕೆ 84 ಎಂದು ತೋರಿಸಿತು.

“ಮನೇಲೇ ಆಕ್ಸಿಜನ್ ಇಟ್ಕೊಳ್ಳಿ” ಎಂದರು ಡಾಕ್ಟರು. ಮನೆ ಮಂದಿಯ ಮುಖ ಕಳೆಗುಂದಿತು. ಊರಲ್ಲಿ ಯಾರಿಗಾದರೂ ‘ಆಕ್ಸಿಜನ್ ಹಾಕವ್ರಂತೆ’ ಅಂದರೆ ನೆಂಟರಿಷ್ಟರಿಗೆ ಹೇಳಿಕಳಿಸುವ ಹೊತ್ತು ಬಂತು ಎಂದೇ ಅರ್ಥ. 2021ರ ಮೇ ತಿಂಗಳಲ್ಲಿ ಹೊಳೆಯಾಚೆಯ ಚಾಮರಾಜನಗರದಲ್ಲಿ ಆಮ್ಲಜನಕ ಸಾಲದೆ ಜನ ಸತ್ತ ರಾತ್ರಿಯನ್ನು ಈ ಸೀಮೆ ಮರೆತಿಲ್ಲ.

ಮಗ ಮಳವಳ್ಳಿ, ಮಂಡ್ಯ ಸುತ್ತಿ ಮೈಸೂರಿನ ಅಂಗಡಿಯೊಂದರ ಮುಂದೆ ನಿಂತ. ಹೆಗಲಿಗೆ ನೇತುಹಾಕುವ ಪುಟ್ಟ ಆಮ್ಲಜನಕ ಯಂತ್ರದ ಮೇಲೆ ಅವನ ಕಣ್ಣು. ಎರಡು ಮೂರು ಕೆಜಿ ತೂಕ, ಬ್ಯಾಟರಿ ಬೇರೆ. ಅಂಗಡಿಯವನೇ ತಡೆದ: “ಇದು ಉಸಿರು ಎಳೆದಾಗ ಮಾತ್ರ ಒಂದೊಂದು ಗುಟುಕು ಕೊಡೋದು. ನಿದ್ದೇಲಿ ಸಾಲದೇ ಇರಬಹುದು. ಡಾಕ್ಟರನ್ನ ಕೇಳಿ ತಗೊಳ್ಳಿ.” ಫೋನಿನಲ್ಲಿ ಡಾಕ್ಟರು ಹೇಳಿದ್ದು ಗಾಲಿಯಿರುವ, ನಿಮಿಷಕ್ಕೆ ಐದು ಲೀಟರಿನ ಯಂತ್ರ. ಮುಂಗಡ ಕಟ್ಟಿ, ತಿಂಗಳ ಬಾಡಿಗೆಗೆ ತಂದದ್ದಾಯಿತು.

ಅದು ಮಾಡುವುದು ಮೊರದ ಕೆಲಸ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕ, 78 ಪಾಲು ಸಾರಜನಕ. ಯಂತ್ರ ಗಾಳಿಯನ್ನು ಒತ್ತಿ ಜಿಯೊಲೈಟ್ ಹರಳುಗಳ ಕೊಳವೆಗೆ ನುಗ್ಗಿಸುತ್ತದೆ. ಹರಳು ಸಾರಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ, ನೂರಕ್ಕೆ 90ಕ್ಕೂ ಹೆಚ್ಚು ಪಾಲು ಆಮ್ಲಜನಕವಿರುವ ಗಾಳಿ ಮೂಗಿನ ನಳಿಗೆಗೆ ಬರುತ್ತದೆ. ಒಂದು ಕೊಳವೆ ಕೇರುವಾಗ ಇನ್ನೊಂದು ಹೊಟ್ಟು ಕೊಡವುತ್ತದೆ. ‘ಪುಸ್’ ಎನ್ನುವುದು ಅದೇ.

ಸೊಸೆಗೀಗ ಹೊಸ ಕಟ್ಟಳೆಗಳು. ಯಂತ್ರದ ಬಾಟಲಿಗೆ ಕಾಯಿಸಿ ಆರಿಸಿದ ನೀರು, ವಾರಕ್ಕೊಮ್ಮೆ ಜಾಲರಿ ತೊಳೆಯುವುದು. ದೀಪ, ಊದಿನಕಡ್ಡಿ, ಬೀಡಿ ಸುಳಿಯುವಂತಿಲ್ಲ. ಗುಂಡಿ ಎರಡು ಲೀಟರಿಗೆ ನಿಂತಿದೆ. ಅಕ್ಕರೆಯಿಂದಲೂ ಮೇಲಕ್ಕೆ ತಿರುಗಿಸಬಾರದು. ಹೊಗೆಯಿಂದ ಬಂದ ಈ ಕಾಯಿಲೆಗೆ ಕ್ಲಿಪ್ಪು 88ರಿಂದ 92 ತೋರಿಸಿದರೆ ಸಾಕು, ಹೆಚ್ಚಾದರೆ ಅದೇ ಕೇಡು.

ಸಂಜೆ ಕರೆಂಟು ಹೋಯಿತು. ಯಂತ್ರ ಕೂಗಿ ಸುಮ್ಮನಾಯಿತು. ಪಕ್ಕದ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ತಂತಿಯಲ್ಲಿ ಕರೆಂಟು ಹೊರಟ ಸೀಮೆಯಲ್ಲೇ ಈ ಗತಿ. ಮಗ ಕತ್ತಲಲ್ಲೇ ಮೂಲೆಯಲ್ಲಿ ಇದಕ್ಕೆಂದೇ ಇಟ್ಟಿದ್ದ ಸಣ್ಣ ಆಮ್ಲಜನಕ ಸಿಲಿಂಡರಿಗೆ ನಳಿಗೆ ಸಿಕ್ಕಿಸಿದ. ಅದರಲ್ಲಿರುವುದು 1,500 ಲೀಟರು. ನಿಮಿಷಕ್ಕೆ ಎರಡರಂತೆ ಹನ್ನೆರಡೂವರೆ ಗಂಟೆ. ಲೆಕ್ಕ ಬಾಯಿಪಾಠವಾಗಿದೆ.

ಬೆಳಿಗ್ಗೆ ಅವ್ವ ನಳಿಗೆ ಎಳೆದುಕೊಂಡು ಹೊಸ್ತಿಲು ದಾಟಿದರು. ಏಳು ಮೀಟರು ಉದ್ದ, ಜಗಲಿಗೆ ಸರಿಯಾಗಿ ಮುಟ್ಟುತ್ತದೆ. ಬೀದಿಯ ಹೆಂಗಸು ಸೆರಗು ಬಾಯಿಗಿಟ್ಟುಕೊಂಡು ಬಂದಳು.

“ಏನಕ್ಕ, ನಿಂಗೆ ಆಕ್ಸಿಜನ್ ಹಾಕವ್ರಂತೆ?”

“ಊಂ ಕಣೆ. ಬಾ ಕೂತ್ಕೊ, ಎಲೆಯಡ್ಕೆ ಅದೆ.”